ಇಲ್ಲದ ಯಂತ್ರದ ಸ್ವಿಚ್ಚು

ಯಂತ್ರವೆಂದರೆ ಕಣ್ಣಿಗೆ ಕಾಣುವ, ಕೈಗೆ ತಗಲುವ, ಒದೆದರೆ ಕಾಲು ನೋಯುವ ವಸ್ತುವೆಂದೇ ನಾವೆಲ್ಲ ನಂಬಿದ್ದೇವೆ. ಸಕ್ಕರೆ ಕಾರ್ಖಾನೆಯದಾಗಲಿ, ಅಕ್ಕಿ ಗಿರಣಿಯದಾಗಲಿ, ಅದು ಒಂದೆಡೆ ಕುಳಿತಿರುತ್ತದೆ, ಸದ್ದು ಮಾಡುತ್ತದೆ, ಎಣ್ಣೆ ಬೇಡುತ್ತದೆ. ನಾನು ಹೇಳಹೊರಟಿರುವ ಯಂತ್ರಗಳಿಗೆ ಈ ಲಕ್ಷಣಗಳಲ್ಲಿ ಒಂದೂ ಇಲ್ಲ. ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇದ್ದೂ ಇಲ್ಲದಂತಿರುವ ಈ ಕಂಪ್ಯೂಟರುಗಳಿಗೆ ವರ್ಚುಯಲ್ ಮೆಷಿನ್ ಎಂದು ಹೆಸರು. ವೇದಾಂತ ಬಲ್ಲವರು ಇದನ್ನು ಮಾಯೆ ಎಂದು ಕೈತೊಳೆದುಕೊಳ್ಳಬಹುದು. ಆದರೆ ಈ ಮಾಯೆ ದುಡಿಯುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಜನರಿಗೆ ಸಂಬಳವನ್ನೂ ತರುತ್ತದೆ.

ವಿಷಯ ಹೊಸದೇನಲ್ಲ. 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯವರು ಒಂದು ದೊಡ್ಡ, ದುಬಾರಿ ಯಂತ್ರವನ್ನು ಹಲವರು ಬಳಸುವಾಗ ಪ್ರತಿಯೊಬ್ಬನಿಗೂ ಅದು ತನ್ನೊಬ್ಬನದೇ ಎಂಬಂತೆ ತೋರುವ ಉಪಾಯವನ್ನು ಕಂಡುಕೊಂಡರು. 1972ರಲ್ಲಿ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳ ಮುಂದಿಟ್ಟರು. 2007ರಲ್ಲಿ ಕೆವಿಎಂ ಎಂಬ ತಂತ್ರಾಂಶ ಲಿನಕ್ಸ್‌ನೊಳಗೇ ಸೇರಿಕೊಂಡದ್ದರಿಂದ ಈ ವಿದ್ಯೆ ಕಾಸಿಲ್ಲದೆ ಸಿಗುವಂತಾಯಿತು. ಕಾಸಿಲ್ಲದೆ ಎಂಬ ಮಾತು ಇರದಿದ್ದರೆ ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ಓದುವ ನನ್ನಂಥವಳ ತನಕ ಇದು ಬರುತ್ತಿರಲಿಲ್ಲ.

ಬಂದದ್ದು ನನ್ನ ದೊಡ್ಡಮ್ಮನ ಮಗನ ಮೂಲಕ. ಕೆ.ಆರ್. ಪೇಟೆಯವನಾದ ಈ ಅಣ್ಣ ಬೆಂಗಳೂರಿನಲ್ಲಿ ಸರ್ವರುಗಳನ್ನು ಕಾಯುವ ಕೆಲಸದಲ್ಲಿದ್ದಾನೆ. ದಸರಾ ರಜಕ್ಕೆ ಬಂದವನು ಯಾರೋ ಬಳಸಿ ಬಿಟ್ಟ, 16 ಜಿಬಿ ಮೆಮೊರಿಯ ಒಂದು ಕಂಪ್ಯೂಟರನ್ನು ನಮ್ಮ ಮನೆಯಲ್ಲಿ ಇಳಿಸಿ, “ಇದರೊಳಗೆ ಯಂತ್ರಗಳನ್ನು ಹುಟ್ಟಿಸಿ ಮಾಸ್‌ಗೆ ಜೋಡಿಸು. ಅದು ಬಂದರೆ ನಮ್ಮಲ್ಲಿ ಕಲಿಕೆಯ ಕೆಲಸಕ್ಕೆ ಸಂದರ್ಶನ ಕೊಡಿಸುತ್ತೇನೆ. ಬಿ.ಎ. ಆದರೂ ಅಡ್ಡಿಯಿಲ್ಲ” ಎಂದ. ಆ “ಆದರೂ” ಎಂಬ ಪದ ಈಗಲೂ ನನ್ನ ಕಿವಿಯಲ್ಲಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮುಂದೆ ಬಿ.ಎಡ್., ಆಮೇಲೆ ಟೀಚರು ಎಂದು ತಾಯಿ ಎಂದೋ ತೀರ್ಮಾನಿಸಿ ಆಗಿತ್ತು.

ಮಾಸ್ ಎಂದರೆ ಸರ್ವರುಗಳನ್ನು ಸಜ್ಜುಗೊಳಿಸುವ ಒಂದು ತಂತ್ರಾಂಶ. ಉಬುಂಟು ಹೊರತರುವ ಕ್ಯಾನೋನಿಕಲ್ ಸಂಸ್ಥೆ 2012ರಲ್ಲಿ ಇದನ್ನು ಹೊರತಂದಿತು. ಸಾವಿರ ಸರ್ವರುಗಳಿರುವ ಕಡೆ ಒಂದೊಂದರ ಮುಂದೆಯೂ ಒಬ್ಬ ಕುಳಿತು ಲಿನಕ್ಸ್ ತುಂಬುತ್ತ ಹೋದರೆ ವರ್ಷ ಸಾಲದು. ಆದ್ದರಿಂದ ಯಂತ್ರವನ್ನು ಬರಿಹೊಟ್ಟೆಯಲ್ಲಿ ಎಬ್ಬಿಸಿ, ತಂತಿಯ ಮೂಲಕವೇ ಉಣಿಸುವ ಏರ್ಪಾಡು ಇದು. ಎದ್ದ ಯಂತ್ರ ತನ್ನ ಡಿಸ್ಕನ್ನು ನೋಡದೆ, “ನನಗೊಂದು ವಿಳಾಸ ಕೊಡಿ” ಎಂದು ಜಾಲದಲ್ಲಿ ಕೂಗುತ್ತದೆ. ಮಾಸ್ ವಿಳಾಸ ಕೊಟ್ಟು, ಒಂದು ಪುಟ್ಟ ಲಿನಕ್ಸನ್ನು ಅದರ ಮೆಮೊರಿಗೆ ಕಳಿಸಿ, ನಿನ್ನಲ್ಲಿ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ವಿಚಾರಿಸಿ ಖಾತೆಗೆ ಬರೆದುಕೊಳ್ಳುತ್ತದೆ. ಹೆಸರನ್ನೂ ತಾನೇ ಇಡುತ್ತದೆ: ಒಂದು ಗುಣವಾಚಕ, ಒಂದು ಪ್ರಾಣಿ. ಇಂಥ ನಾಮಕರಣವನ್ನು ನಮ್ಮ ಹಾಸ್ಟೆಲಿನ ಹುಡುಗಿಯರು ಮಾತ್ರ ಮಾಡುತ್ತಾರೆಂದು ತಿಳಿದಿದ್ದೆ.

ಉಣಿಸಬೇಕಾದ ಲಿನಕ್ಸ್ ಮೊದಲು ನಮ್ಮ ಮನೆಗೆ ಬರಬೇಕಷ್ಟೆ. ನನ್ನ ಮೊಬೈಲಿನ ದಿನದ ಪಾಲು ಸಾಲಲಿಲ್ಲ. ನಾಗಮಂಗಲದ ಗೆಳತಿಯೊಬ್ಬಳು ತನ್ನ ಪಾಲನ್ನೂ ಎರಡು ಸಂಜೆ ನನಗೇ ಬಿಟ್ಟಳು. ಮಳೆಯನ್ನು ನಂಬಿದ ಊರಿನವಳು ಕಾಲುವೆ ಬಯಲಿನವಳಿಗೆ ಸಾಲ ಕೊಟ್ಟದ್ದು ಇದೇ ಮೊದಲಿರಬೇಕು!

ಅತಿಥೇಯ ಕಂಪ್ಯೂಟರಿನೊಳಗೆ ಮೂರು ಯಂತ್ರಗಳನ್ನು ಹುಟ್ಟಿಸಿದೆ. ಒಂದರಲ್ಲಿ ಮಾಸ್, ಉಳಿದೆರಡು ಅದರ ಅಧೀನ. ಇಲ್ಲಿ ಎಲ್ಲರಿಗೂ ಎದುರಾಗುವ ತೊಡಕೊಂದಿದೆ. ಅತಿಥೇಯದಲ್ಲಿ ವರ್ಚುಯಲ್ ಯಂತ್ರಗಳ ಮೇಲ್ವಿಚಾರಣೆ ಲಿಬ್‌ವರ್ಟ್ ಎಂಬುದರದು. ಅದು ತನ್ನದೇ ಆದ ಒಂದು ಜಾಲವನ್ನು ಮೊದಲೇ ಕಟ್ಟಿಕೊಂಡು, 192.168.122 ಎಂದು ಮೊದಲಾಗುವ ವಿಳಾಸಗಳನ್ನು ತಾನೇ ಹಂಚುತ್ತಿರುತ್ತದೆ. ಮಾಸ್ ಕೂಡ ಅಲ್ಲೇ ಹಂಚಲು ನಿಂತರೆ ಒಂದು ತೂಬಿಗೆ ಇಬ್ಬರು ನೀರುಗಂಟಿಗಳಾದಂತೆ. ಯಾರ ವಿಳಾಸ ಮೊದಲು ಸಿಕ್ಕಿತೋ ಯಂತ್ರ ಅವರ ಹಿಂದೆ ಹೋಗುತ್ತದೆ. ಲಿಬ್‌ವರ್ಟ್‌ನ ಹಂಚಿಕೆಯನ್ನು ನಿಲ್ಲಿಸಿ, ಮಾಸ್‌ನದನ್ನು ಮಾತ್ರ ಉಳಿಸಬೇಕು. ಯಂತ್ರ ಏಳುವಾಗ ಡಿಸ್ಕಿಗಿಂತ ಮೊದಲು ಜಾಲದತ್ತ ನೋಡುವಂತೆಯೂ ಹೇಳಿರಬೇಕು.

ನೀರುಗಂಟಿ ಎಂದದ್ದು ಬರಿಯ ಅಲಂಕಾರಕ್ಕಲ್ಲ. ನನ್ನ ತಂದೆಯ ಕಸುಬೇ ಅದು. ವಿಶ್ವೇಶ್ವರಯ್ಯ ನಾಲೆಯ ನೀರನ್ನು ಸರದಿಯ ಪ್ರಕಾರ ಗದ್ದೆಗೆ ಬಿಡಿಸುವವರು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಒಂದು ರಾತ್ರಿ ಊಟ ಮುಗಿಸಿ, ನನ್ನ ಪಕ್ಕದಲ್ಲಿ ಕುಳಿತು ಪರದೆಯನ್ನು ಬಹಳ ಹೊತ್ತು ನೋಡಿದರು.

“ಅಲ್ಲ ಕಣವ್ವಾ, ಇಲ್ದೇ ಇರೋ ಮಿಷನ್ನು ಅಂತೀಯ, ಇರ್ಲಿ. ಮಲಗಿರೋದನ್ನ ಎಬ್ಬಿಸ್ಬೇಕಲ್ಲ, ಅದರ ಸ್ವಿಚ್ಚು ಎಲ್ಲೈತೆ?”

ಇಡೀ ವಿಷಯ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ನಿಜವಾದ ಸರ್ವರಿನಲ್ಲಿ ಮುಖ್ಯ ಯಂತ್ರ ಮಲಗಿದ್ದರೂ ಎಚ್ಚರವಾಗಿರುವ ಒಂದು ಕಿರಿಯ ಕಂಪ್ಯೂಟರು ಅದರ ಹಲಗೆಯ ಮೇಲೆಯೇ ಇರುತ್ತದೆ. ಐಪಿಎಂಐ ಎಂಬ ಭಾಷೆಯಲ್ಲಿ ಮಾಸ್ ಅದಕ್ಕೆ ಹೇಳಿದರೆ ಅದು ಯಜಮಾನನನ್ನು ಎಬ್ಬಿಸುತ್ತದೆ. ನನ್ನ ಯಂತ್ರಗಳಿಗೆ ಅಂಥ ಕಾವಲುಗಾರನಿಲ್ಲ. ಕೈಯಾರೆ ಎಬ್ಬಿಸಿದರೆ ಎದ್ದು ಖಾತೆಗೆ ಹೆಸರು ಬರೆಸುತ್ತವೆ, ಅಷ್ಟೆ. ಮುಂದೆ ಮಾಸ್ ಕರೆದರೆ ಕೇಳಿಸಿಕೊಳ್ಳುವವರಿಲ್ಲ. ಅವುಗಳ ಸ್ವಿಚ್ಚು ಅತಿಥೇಯದ ಕೈಯಲ್ಲಿದೆ. ಆದ್ದರಿಂದ “ಈ ಯಂತ್ರವನ್ನು ಎಬ್ಬಿಸುವ ಬಗೆ ವಿರ್ಶ್, ಅತಿಥೇಯದ ವಿಳಾಸ ಇದು, ಅಲ್ಲಿ ಇದರ ಹೆಸರು ಇದು” ಎಂದು ಮಾಸ್‌ಗೆ ಬರೆದುಕೊಡಬೇಕು. ಅತಿಥೇಯ ಅಪರಿಚಿತರಿಗೆ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಎಸ್‌ಎಸ್‌ಎಚ್ ಕೀಲಿಯ ಜೋಡಿಯೊಂದನ್ನು ಮಾಡಿ, ಒಂದನ್ನು ಅತಿಥೇಯಕ್ಕೆ ಕೊಟ್ಟು, ಗುಟ್ಟಿನದನ್ನು ಮಾಸ್ ಬಳಿಯೇ ಇಡಬೇಕು. ನನ್ನ ಖಾತೆಯಲ್ಲಿ ಕೀಲಿ ಇದ್ದರೆ ಉಪಯೋಗವಿಲ್ಲ. ಮಾಸ್ ಯಾವ ಖಾತೆಯಲ್ಲಿ ಕೆಲಸ ಮಾಡುತ್ತದೋ ಅಲ್ಲಿ ಇರಬೇಕು.

ಇದನ್ನು ನನಗೆ ತೋಚಿದಂತೆ ತಂದೆಗೆ ಹೇಳಿದೆ. “ಮತ್ತೇ! ತೂಬಿನ ಕೀ ಸಾಹೇಬ್ರ ಮೇಜಿನ ಮೇಲಿದ್ರೆ ನಾನು ಗದ್ದೆ ತಾವ ನಿಂತು ಏನ್ಮಾಡ್ಲಿ?” ಎಂದರು.

ಆ ರಾತ್ರಿ ಹನ್ನೊಂದರ ಮೇಲೆ, ನಾನು ಅತಿಥೇಯವನ್ನು ಮುಟ್ಟದೆ ಮಾಸ್‌ನ ಪುಟದಲ್ಲಿ ಮಾತ್ರ ಅಪ್ಪಣೆ ಕೊಟ್ಟಾಗ, ಮಲಗಿದ್ದ ಮೊದಲ ಯಂತ್ರ ಎದ್ದಿತು. ಪರಿಶೀಲನೆ ಮುಗಿದು “ಸಿದ್ಧ” ಎಂದಾಯಿತು. ಆಮೇಲೆ ಉಬುಂಟು ಇಳಿದು “ನಿಯೋಜಿತ” ಎಂದಾಯಿತು. ಎರಡನೆಯದೂ ಹಾಗೆಯೇ. ತಾಯಿ ಮಾತ್ರ ಒಳಗಿನಿಂದ, “ಆ ಮಿಷನ್ನು ಎದ್ರೇನು ಬಿದ್ರೇನು, ನೀನು ಒಬ್ಳೇ ಬೆಂಗ್ಳೂರಲ್ಲಿ ಎಲ್ಲಿರ್ತೀಯ ಅದನ್ನ ಹೇಳು” ಎಂದರು. ಅದಕ್ಕೆ ಉತ್ತರ ಮಾಸ್‌ನಲ್ಲಿಯೂ ಇಲ್ಲ, ನನ್ನಲ್ಲಿಯೂ ಇರಲಿಲ್ಲ. ತಂದೆ ತುಸು ಯೋಚಿಸಿ, ರೈಲಿನ ಚಾರ್ಜು ತಾವು ಕೊಡುವುದಾಗಿಯೂ ಬಾಡಿಗೆಯ ಮಾತು ಕೆಲಸ ಸಿಕ್ಕಮೇಲೆ ಆಡೋಣವೆಂದೂ ಹೇಳಿದರು.

ಅಣ್ಣನಿಗೆ ಚಿತ್ರ ಕಳಿಸಿದೆ. ಸಂದರ್ಶನ ಪರೀಕ್ಷೆ ಮುಗಿದ ವಾರದಲ್ಲೇ ಎಂದು ತಿಳಿಸಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಬೆಳಗಿನ ರೈಲು ಹತ್ತಬೇಕು. ಬಿ.ಎಡ್. ಅರ್ಜಿಗೆ ಬೇಕಾದ ಕಾಗದಗಳನ್ನೂ ತಾಯಿ ಜೋಡಿಸಿ ಟ್ರಂಕಿನಲ್ಲಿಟ್ಟಿದ್ದಾರೆ.