ದೋಷವೆಲ್ಲಿ?

ಒಂದು ಕೆಲಸ ಕೆಟ್ಟಿತೆಂದರೆ, ಅದು ಹೇಗೆ ಕೆಟ್ಟಿತೆಂದು ವಿಚಾರಿಸುವುದಕ್ಕೆ ಮೊದಲೇ ಯಾರಿಂದ ಕೆಟ್ಟಿತೆಂದು ನಿಶ್ಚಯಿಸಿಬಿಡುವುದು ಮನುಷ್ಯಸ್ವಭಾವ. ಹತ್ತಿರದಲ್ಲಿ ಕಿರಿಯನೊಬ್ಬನಿದ್ದರಂತೂ ತೀರ್ಪಿಗೆ ತಡವೇ ಇಲ್ಲ. ತಾಂಡವಪುರದ ಛಾಯಾಗ್ರಾಹಕರೊಬ್ಬರು ಈ ಮಾತಿನ ಸತ್ಯವನ್ನು ತಮ್ಮ ಕ್ಯಾಮೆರಾದಿಂದಲೇ ಕಲಿಯಬೇಕಾಯಿತು.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲುದಾರಿಯಲ್ಲಿ, ಕಡಕೊಳವನ್ನು ದಾಟಿದ ಮೇಲೆ ಸಿಕ್ಕುವ ಊರು ತಾಂಡವಪುರ. ಅಲ್ಲಿ ಇವರದೊಂದು ಸಣ್ಣ ಸ್ಟುಡಿಯೋ. ಗುರುತಿನ ಚೀಟಿಯ ಚಿತ್ರಗಳಿಂದ ದಿನದ ಖರ್ಚು, ಮದುವೆಗಳಿಂದ ವರ್ಷದ ಜೀವನ. ಸಹಾಯಕ್ಕೆ ಅಕ್ಕನ ಮಗನಿದ್ದನು. ನಂಜನಗೂಡಿನಲ್ಲಿ ನಡೆದ ಒಂದು ಮದುವೆಯಲ್ಲಿ, ಅಂತರಪಟವು ಸರಿದು ವಧೂವರರು ಜೀರಿಗೆ ಬೆಲ್ಲವನ್ನು ಹಾಕುವ ಗಳಿಗೆಯ ಚಿತ್ರವನ್ನು ತೆಗೆಯುವ ಭಾರ ಅವನ ಪಾಲಿಗೆ ಬಂದಿತು. ಆ ಗಳಿಗೆ ಎರಡನೆಯ ಸಲ ಬರುವಂಥದಲ್ಲ.

ಹೆಣ್ಣಿನ ತಂದೆ ಅಂಗಡಿಗೆ ಬಂದು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರು. ವಧುವಿನ ಕಣ್ಣು ಮಸುಕು. ಜಡೆಗೆ ಮುಡಿಸಿದ್ದ ಮಲ್ಲಿಗೆಯ ಮೊಗ್ಗು ಎಣಿಸುವಷ್ಟು ಸ್ಪಷ್ಟ. ಅವರ ಎದುರಿಗೇ ಯಜಮಾನರು ಹುಡುಗನನ್ನು ಗದರಿಸಿದರು: "ಕೈ ನಡುಗಿಸಿದ್ದೀಯೆ."

"ಇಲ್ಲ ಮಾವ, ಚೌಕವನ್ನು ಕಣ್ಣಿನ ಮೇಲೆಯೇ ಇಟ್ಟಿದ್ದೆ" ಎಂದಷ್ಟೇ ಅವನು ಹೇಳಿದನು. ಮರುದಿನದಿಂದ ಅಂಗಡಿಗೆ ಬರಲಿಲ್ಲ. ಯಾವುದಾದರೂ ಕಾರ್ಖಾನೆಗೆ ಸೇರುವೆನೆಂದು ತಾಯಿಯೊಡನೆ ಹೇಳಿದನೆಂಬ ವರ್ತಮಾನ ಬಂದಿತು.

ರಾತ್ರಿ ಅದೇ ಚಿತ್ರವನ್ನು ಮತ್ತೆ ನೋಡುತ್ತಿದ್ದಾಗ ಯಜಮಾನರಿಗೆ ಒಂದು ಸಂದೇಹ ಹುಟ್ಟಿತು. ಕೈ ನಡುಗಿದ್ದರೆ ಚಿತ್ರವೆಲ್ಲವೂ ಒಂದೇ ದಿಕ್ಕಿಗೆ ಸವರಿದಂತೆ ಮಸುಕಾಗಬೇಕಷ್ಟೆ. ಮೊಗ್ಗು ಹೇಗೆ ಸ್ಪಷ್ಟವಾಯಿತು? ವಧು ಅಲುಗಿದ್ದರೆ ಮುಖದೊಡನೆ ಜಡೆಯೂ ಮಸುಕಾಗಬೇಕಾಗಿತ್ತು. ಹಾಗಾದರೆ ಇದು ನಡುಕವಲ್ಲ. ಫೋಕಸು ಕಣ್ಣಿನ ಹಿಂದಕ್ಕೆ ಬಿದ್ದಿದೆ. ಕ್ಯಾಮೆರಾ ತಾನೇ ಬರೆದಿಟ್ಟುಕೊಂಡ ಗುರುತನ್ನು ತೆರೆದು ನೋಡಿದರೆ ಚೌಕವು ಕಣ್ಣಿನ ಮೇಲೆಯೇ ಇದ್ದಿತು. ಆದರೂ ಫೋಕಸು ಹಿಡಿದ ಮೇಲೆ ವಧು ಮುಂದಕ್ಕೆ ಬಾಗಿರಬಹುದು. ಅಷ್ಟರಿಂದಲೇ ತೀರ್ಮಾನ ಆಗದು.

ಬೆಳಗ್ಗೆ ಅವರು ಕ್ರಮವಾಗಿ ಪರೀಕ್ಷೆಗೆ ತೊಡಗಿದರು. ಲೆನ್ಸಿನ ಪಕ್ಕದ ಗುಂಡಿ ಸ್ವಯಂಚಾಲಿತದ ಕಡೆಗಿದೆಯೇ, ವಸ್ತುವು ಲೆನ್ಸು ಹಿಡಿಯಬಲ್ಲ ಕನಿಷ್ಠ ದೂರಕ್ಕಿಂತ ಹತ್ತಿರವಿಲ್ಲವಷ್ಟೆ, ಬ್ಯಾಟರಿ ತುಂಬಿದೆಯೇ ಎಂದು ಮೊದಲು ನೋಡಿದರು. ಲೆನ್ಸಿನ ಹಿಂಬದಿಯ ಲೋಹದ ಬಿಂದುಗಳ ಮೂಲಕವೇ ಕ್ಯಾಮೆರಾ ಅದರೊಡನೆ ಮಾತನಾಡುವುದು. ಅವುಗಳನ್ನು ಒಣಗಿದ ಮೃದುವಾದ ಬಟ್ಟೆಯಿಂದ ಒರೆಸಿದರು. ಅನೇಕ ರೋಗಗಳು ಇಲ್ಲಿಯೇ ವಾಸಿಯಾಗುತ್ತವೆ. ಇದು ಆಗಲಿಲ್ಲ.

ಬಳಿಕ ಮೇಜಿನ ಮೇಲೆ ಮೂರು ಬೆಂಕಿಪೊಟ್ಟಣಗಳನ್ನು, ಒಂದರ ಹಿಂದೊಂದು ಮೂರು ಬೆರಳಗಲದ ಅಂತರದಲ್ಲಿ, ಒಂದನ್ನೊಂದು ಮರೆಮಾಡದಂತೆ ಓರೆಯಾಗಿ ನಿಲ್ಲಿಸಿದರು. ಐದು ಅಡಿ ದೂರದಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ. ಲೆನ್ಸಿನ ದ್ವಾರವನ್ನು ಎಫ್ 1.8ರಷ್ಟು ಪೂರ್ತಿ ತೆರೆದು, ಪ್ರತಿಸಲವೂ ಫೋಕಸನ್ನು ಕೈಯಿಂದ ಕೆಡಿಸಿ, ನಡುವಣ ಪೊಟ್ಟಣಕ್ಕೆ ಗುರಿಯಿಟ್ಟು ಹತ್ತು ಚಿತ್ರ ತೆಗೆದರು. ಹತ್ತರಲ್ಲಿಯೂ ಹಿಂದಿನ ಪೊಟ್ಟಣವೇ ಸ್ಪಷ್ಟ! ಕೈಯ ದೋಷವಾಗಿದ್ದರೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬೀಳಬೇಕು. ಪ್ರತಿಸಲವೂ ಒಂದೇ ಕಡೆಗೆ ತಪ್ಪುವುದು ಯಂತ್ರದ ಲಕ್ಷಣ.

ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕು ಎರಡು ದಾರಿ ಹಿಡಿಯುವುದು. ಹೆಚ್ಚಿನ ಭಾಗ ಕಣ್ಣಿನ ಕಿಂಡಿಗೆ; ಉಳಿದದ್ದು ಹಿಂದಿನ ಮರಿಗನ್ನಡಿಯಿಂದ ತಳದಲ್ಲಿರುವ ಫೋಕಸಿನ ಗ್ರಾಹಕಕ್ಕೆ. ಆ ಗ್ರಾಹಕವು ಲೆನ್ಸಿನ ಎರಡು ಪಾರ್ಶ್ವಗಳಿಂದ ಬಂದ ಬಿಂಬಗಳನ್ನು ಹೋಲಿಸಿ, ಲೆನ್ಸು ಎತ್ತ ಎಷ್ಟು ಸರಿಯಬೇಕೆಂದು ಅಪ್ಪಣೆ ಕೊಡುವುದು. ಚಿತ್ರ ಮೂಡುವುದು ಮಾತ್ರ ಬೇರೊಂದು ಫಲಕದ ಮೇಲೆ. ಎರಡು ದಾರಿಗಳ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಿಂಡಿಯಲ್ಲಿ ಸರಿಯಾಗಿ ತೋರಿದ್ದು ಚಿತ್ರದಲ್ಲಿ ತಪ್ಪುವುದು. ಯಜಮಾನರು ಕನ್ನಡಿಯನ್ನು ಮೇಲಕ್ಕೆತ್ತಿ, ಹಿಂದಿನ ಪರದೆಯ ಮೇಲೆ ಚಿತ್ರಫಲಕದಿಂದಲೇ ಫೋಕಸು ಹಿಡಿಯಿಸಿದರು. ನಡುವಣ ಪೊಟ್ಟಣ ಸ್ಪಷ್ಟವಾಗಿ ಮೂಡಿತು. ಲೆನ್ಸಿನ ಗಾಜು ನಿರಪರಾಧಿ. ಅದೇ ಕ್ಯಾಮೆರಾಕ್ಕೆ ಬೇರೆ ಲೆನ್ಸನ್ನು ತೊಡಿಸಿದರು, ಅದೂ ಸರಿ. ಈ ಲೆನ್ಸು ಮತ್ತು ಈ ಕ್ಯಾಮೆರಾ ಕೂಡಿದಾಗ ಮಾತ್ರ ತಪ್ಪು. ಇಬ್ಬರೂ ಒಳ್ಳೆಯವರಾಗಿದ್ದು ದಾಂಪತ್ಯ ಕೂಡಿಬಾರದಂತೆ!

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಛಾಯಾಗ್ರಹಣವನ್ನು ಆರಂಭಿಸಿದ ಕಾಲದಲ್ಲಿ ಫೋಕಸಿನ ಬಳೆಯನ್ನು ಬೆರಳೇ ತಿರುಗಿಸಬೇಕಾಗಿತ್ತು. ತಪ್ಪೂ ಒಪ್ಪೂ ಬೆರಳಿನದೇ. 1977ರಲ್ಲಿ ಕೋನಿಕಾದ ಸಣ್ಣ ಕ್ಯಾಮೆರಾ ಆ ಕೆಲಸವನ್ನು ತಾನೇ ಮಾಡತೊಡಗಿತು. 1985ರ ಮಿನೋಲ್ಟಾ 7000 ಮೋಟಾರನ್ನು ಕ್ಯಾಮೆರಾದೊಳಗೆ ಇರಿಸಿತು. 1987ರಲ್ಲಿ ಬಂದ ಕ್ಯಾನನ್‌ನ ಇಓಎಸ್ ಅದನ್ನು ಲೆನ್ಸಿನೊಳಕ್ಕೆ ಒಯ್ದಿತು. ಈಚಿನ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಚಿತ್ರಫಲಕವೇ ಫೋಕಸನ್ನೂ ಅಳೆಯುವುದರಿಂದ ಎರಡು ದಾರಿಗಳ ಈ ಜಗಳವಿಲ್ಲ. ಆದರೆ ಮಬ್ಬು ಬೆಳಕು, ಗೆರೆಯಿಲ್ಲದ ಬಿಳಿಗೋಡೆ, ಕೊಳೆಯಾದ ಬಿಂದುಗಳು ಅವನ್ನೂ ತಬ್ಬಿಬ್ಬುಗೊಳಿಸುತ್ತವೆ.

ಪರಿಹಾರವು ಕ್ಯಾಮೆರಾದ ಪಟ್ಟಿಯಲ್ಲಿಯೇ ಇದ್ದಿತು. ಸೂಕ್ಷ್ಮ ಹೊಂದಾಣಿಕೆಯೆಂಬ ಏರ್ಪಾಡಿನಲ್ಲಿ ಸೊನ್ನೆಯಿಂದ ಎರಡು ಕಡೆಗೂ ಇಪ್ಪತ್ತು ಮೆಟ್ಟಿಲು. ಋಣದ ಕಡೆಗೆ ಸರಿಸಿದರೆ ಫೋಕಸು ಮುಂದಕ್ಕೆ ಬರುವುದು. ಎಂಟನೆಯ ಮೆಟ್ಟಿಲಿನಲ್ಲಿ ನಡುವಣ ಪೊಟ್ಟಣ ಸ್ಪಷ್ಟವಾಯಿತು.

ಯಂತ್ರ ಸರಿಹೋಯಿತು, ಉಳಿದದ್ದು ಮಾತು. ಲೆನ್ಸನ್ನು ಹಳೆಯದಾಗಿ ಕೊಂಡವರು ಅವರೇ. ಕೊಂಡ ದಿನ ಪರೀಕ್ಷಿಸದೆ ಹುಡುಗನ ಕೈಗೆ ಕೊಟ್ಟವರೂ ಅವರೇ. ಹೆಣ್ಣಿನ ತಂದೆಯ ಎದುರಿಗೆ ಗದರಿಸಿದ್ದರಿಂದ ಅವರ ಎದುರಿಗೇ ಹೇಳಬೇಕೆಂದು, ಅಕ್ಕನ ಮಗನನ್ನು ಕರೆದುಕೊಂಡು ನಂಜನಗೂಡಿಗೆ ಹೋದರು. "ತಪ್ಪು ಇವನದಲ್ಲ, ನನ್ನದು" ಎಂದು ಹೇಳಿ ಹಣದಲ್ಲಿ ಅರ್ಧವನ್ನು ಮುಂದಿಟ್ಟರು. ಆತ ಹಣವನ್ನು ತೆಗೆದುಕೊಂಡರು; ಚಿತ್ರವನ್ನೂ ಇಟ್ಟುಕೊಂಡರು. ಮಸುಕಾದರೂ ಮಗಳ ನಗು ಅದರಲ್ಲಿತ್ತು.

ಅಂಗಡಿಯ ಕಪಾಟಿನಲ್ಲಿ ಈಗಲೂ ಮೂರು ಬೆಂಕಿಪೊಟ್ಟಣಗಳಿವೆ. ಪ್ರತಿ ಮದುವೆಯ ಹಿಂದಿನ ಸಂಜೆ ಹುಡುಗನು ಅವುಗಳನ್ನು ಮೇಜಿನ ಮೇಲೆ ಜೋಡಿಸುತ್ತಾನೆ. ಮಾವ ಪಕ್ಕದಲ್ಲಿ ಕುಳಿತು, ಹತ್ತು ಚಿತ್ರಗಳೂ ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ.