ಬಿಸಿನೀರು ಮತ್ತು ಮೂರನೆಯ ರೊಟ್ಟಿ

ಬಾದಾಮಿಯ ಲಾಡ್ಜೊಂದರ ಕೌಂಟರಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೇ ಜಗಳ ಜೋರಾಗಿತ್ತು. ಬೆಂಗಳೂರಿನಿಂದ ಬಂದ ಕುಟುಂಬ. ನಲ್ಲಿಯಲ್ಲಿ ತಣ್ಣೀರು, ಮಕ್ಕಳ ಸ್ನಾನ ಆಗಿಲ್ಲ. ಇಪ್ಪತ್ನಾಲ್ಕು ಗಂಟೆಯೂ ಬಿಸಿನೀರು ಇರುತ್ತದೆಯೇ ಎಂದು ಯಜಮಾನರು ಹಿಂದಿನ ಸಂಜೆ ರೂಮ್ ಬಾಯ್‌ನನ್ನು ಇಂಗ್ಲಿಷಿನಲ್ಲಿ ಕೇಳಿದ್ದರಂತೆ. ಅವನು 'ಯಸ್ ಸರ್' ಅಂದಿದ್ದನಂತೆ. ಮ್ಯಾನೇಜರು ಏನನ್ನೂ ವಿಚಾರಿಸದೆ ಹುಡುಗನನ್ನು ಎಲ್ಲರೆದುರು ಬೈದರು. ನನಗೆ ಸಿಟ್ಟು ಬಂದದ್ದು ಆಗ.

ಆಮೇಲೆ ಮೆಟ್ಟಿಲ ಹತ್ತಿರ ಅವನನ್ನು ಮಾತಾಡಿಸಿದೆ. "ನಳದಾಗ ನೀರು ಹಗಲೂ ರಾತ್ರಿ ಬರ್ತಾವ್ರಿ ಸರ. ಅದನ್ನ ಕೇಳ್ಯಾರ ಅನ್ಕೊಂಡೆ. ಬಿಸಿನೀರು ಸೋಲಾರ್‌ದವು, ಮುಂಜಾನೆ ಎಂಟರತನ ಅಷ್ಟ."

"ತಿಳೀದಿದ್ರೆ ತಿರುಗಿ ಕೇಳ್ಬಹುದಿತ್ತಲ್ಲ?"

"ದೊಡ್ಡವ್ರಿಗೆ ತಿರುಗಿ ಕೇಳಿದ್ರ ಸಿಟ್ಟಾಗ್ತಾರ್ರಿ."

ಕೇಳಿದವರು ಕನ್ನಡದವರು, ಉತ್ತರ ಕೊಟ್ಟವನೂ ಕನ್ನಡದವನು. ಮಕ್ಕಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ ಆ ಯಜಮಾನರಿಗೆ ಕೌಂಟರಿನ ಮುಂದೆ ನಿಂತೊಡನೆ ಇಂಗ್ಲಿಷ್ ಯಾಕೆ ಬೇಕಾಯಿತೋ! ಹುಡುಗನ 'ಯಸ್'ನಲ್ಲಿ ಒಪ್ಪಿಗೆಗಿಂತ ಹೆದರಿಕೆಯೇ ಹೆಚ್ಚಿತ್ತು. ರೂಮಿನ ಬಾಗಿಲ ಹಿಂದೆ ಅಂಟಿಸಿದ ಸೂಚನೆಗಳಲ್ಲೂ ಒಂದಕ್ಷರ ಕನ್ನಡವಿರಲಿಲ್ಲ. ಇದೇ ಊರಿನ ಬಂಡೆಯ ಮೇಲೆ, ಕೆರೆಯ ಸಮೀಪದಲ್ಲೇ, ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅದನ್ನು ನೋಡಲು ಬಂದವರಿಗೆ ಬಿಸಿನೀರಿನ ಹೊತ್ತನ್ನು ಕನ್ನಡದಲ್ಲಿ ತಿಳಿಸಲು ಒಂದು ಹಾಳೆ ಸಾಕಿತ್ತು.

ಗುಹೆಗಳು, ಬನಶಂಕರಿ, ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಬಾಗಲಕೋಟೆ, ಆಮೇಲೆ ಹುನಗುಂದ, ಎಲ್ಲ ದಾಟಿ ಇಳಕಲ್ಲಿಗೆ ಬಂದಾಗ ಮಧ್ಯಾಹ್ನದ ಹಸಿವು.

ಖಾನಾವಳಿಯಲ್ಲಿ ಬಡಿಸುತ್ತಿದ್ದವರು ಕೆಂಪು ಸೆರಗಿನ ಇಳಕಲ್ ಸೀರೆಯುಟ್ಟ ಹಿರಿಯ ಹೆಂಗಸು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ರೊಟ್ಟಿ ಎಷ್ಟು ಮೃದುವೆಂದರೆ ಎರಡು ಬೆರಳಿಗೆ ಹರಿಯುತ್ತಿತ್ತು. ಹಿಂಡಿಗೆ ಮೊಸರು ಕಲಸಿಕೊಂಡು ತಿನ್ನಬೇಕೆಂದು ಅವರೇ ತೋರಿಸಿಕೊಟ್ಟರು. ಇಂಥ ಊಟ ಬೆಂಗಳೂರಿನಲ್ಲಿ ದುಡ್ಡು ಸುರಿದರೂ ಸಿಗುವುದಿಲ್ಲ.

ಎದುರಿಗೆ ಮೈಸೂರಿನ ಯುವಕನೊಬ್ಬ ಕೂತಿದ್ದ. ಎರಡನೆಯ ರೊಟ್ಟಿ ಮುಗಿಯುತ್ತಲೇ "ಸಾಕಮ್ಮ" ಅಂದ. ಅವರು ಮೂರನೆಯದನ್ನು ಹಾಕಿಯೇ ಬಿಟ್ಟರು. ಅವನ ಮುಖ ಗಂಟಾಯಿತು, ರೊಟ್ಟಿ ಮುಟ್ಟದೆ, "ಎಕ್ಸ್‌ಟ್ರಾ ರೊಟ್ಟಿಗೆ ಎಷ್ಟು ಹಾಕ್ತೀರಿ?" ಎಂದು ಕೇಳಿದ.

ಆಕೆ ಬುಟ್ಟಿ ಕೆಳಗಿಟ್ಟು ನಿಂತರು. "ಯಾಕೋ ತಮ್ಮಾ, ಪಲ್ಯಾ ಖಾರ ಆತೇನು? ಹೊಟ್ಟಿತುಂಬ ಉಣ್ಣಲಿ ಅಂತ ಹಾಕೀನಿ. ರೊಟ್ಟಿಗೆ ಬ್ಯಾರೆ ರೊಕ್ಕ ಯಾರ್ ಕೇಳ್ಯಾರ?"

ಊಟದ ದರ ಒಂದೇ. ರೊಟ್ಟಿ ಎಷ್ಟಾದರೂ ತಿನ್ನಬಹುದು. ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಬೇಡವೆಂದರೂ ಬಡಿಸಿ ಬಿಲ್ಲಿಗೆ ಸೇರಿಸುವ ಹೋಟೆಲುಗಳನ್ನು ಕಂಡವನು ಸಂಶಯಪಟ್ಟದ್ದು ಸಹಜ. ಈ ಕಡೆ ಒಮ್ಮೆ ಬೇಡವೆಂದವರನ್ನು ಮತ್ತೆ ಒತ್ತಾಯ ಮಾಡದಿದ್ದರೆ ಬಡಿಸುವವರ ಮನಸ್ಸು ತುಂಬುವುದಿಲ್ಲ. ಆದರೆ ಇಲ್ಲಿ ಇಬ್ಬರೂ ಬಾಯಿಬಿಟ್ಟು ಕೇಳಿದ್ದರು. ಬಾದಾಮಿಯಲ್ಲಿ ಅದಾಗಲಿಲ್ಲ. ಯುವಕ ನಾಚಿ, "ಪಲ್ಯ ತುಂಬಾ ಚೆನ್ನಾಗಿದೆಯಮ್ಮ, ಹೊಟ್ಟೇಲಿ ಜಾಗ ಇಲ್ಲ" ಅಂದ. "ಹಂಗಾರ ಮಜ್ಜಿಗಿ ಕುಡಿ" ಎಂದು ಆಕೆ ಲೋಟ ತುಂಬಿಸಿಕೊಟ್ಟರು. ಆ ರೊಟ್ಟಿಯಲ್ಲಿ ಅರ್ಧ ನನ್ನ ತಟ್ಟೆಗೆ ಬಂತು.

ಲಾಡ್ಜ್ ಮಾಲೀಕರಲ್ಲಿ ನನ್ನ ಬೇಡಿಕೆ ಇಷ್ಟೇ: ಬಿಸಿನೀರಿನ ಹೊತ್ತು, ರೂಮು ಬಿಡುವ ಹೊತ್ತು ದೊಡ್ಡ ಕನ್ನಡ ಅಕ್ಷರಗಳಲ್ಲಿ ಗೋಡೆಗೆ ಬರೆಸಿ, ತಿಳಿಯದಿದ್ದರೆ ತಿರುಗಿ ಕೇಳುವ ಧೈರ್ಯವನ್ನು ನಿಮ್ಮ ಹುಡುಗರಿಗೆ ಕೊಡಿ. ನಮ್ಮ ಕಡೆಯಿಂದ ಹೋಗುವವರು ಕೌಂಟರಿನಲ್ಲಿ ಕನ್ನಡದಲ್ಲೇ ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ನಿಲ್ಲಿ.