ಹೊಳಿ ದಾಟದ ಪಾಸು

ನಮ್ಮ ಬಸವನ ಬಾಗೇವಾಡಿ ಊರೊಳಗೆ ರೈಲು ಬರುವುದಿಲ್ಲ. ತೆಲಗಿ ಹತ್ತಿರದ ‘ಬಸವನ ಬಾಗೇವಾಡಿ ರೋಡ್’ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿಂದ ಉತ್ತರಕ್ಕೆ ಮುಳವಾಡ ದಾಟಿದರೆ ವಿಜಯಪುರ, ದಕ್ಷಿಣಕ್ಕೆ ವಂದಾಲ ದಾಟಿದರೆ ಆಲಮಟ್ಟಿ.

ನನ್ನ ಮಗಳ ಮನೆ ತೆಲಗಿಯಲ್ಲಿ. ಮೊಮ್ಮಗಳು ಅಲ್ಲಿಂದ ದಿನಾ ರೈಲಿನಲ್ಲಿ ವಿಜಯಪುರದ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಭಾನುವಾರ ಇಬ್ಬರೂ ಆಲಮಟ್ಟಿ ಅಣೆಕಟ್ಟೆ ನೋಡಲು ಹೊರಟೆವು. ನಾನು ಎರಡು ಟಿಕೆಟ್ ಕೇಳಿದೆ.

“ಮುತ್ಯಾ, ನನಗ್ಯಾಕ? ನನ್ನ ಪಾಸ್ ಐತಲ್ಲ!”

“ಎಲ್ಲಿಂದ ಎಲ್ಲಿಗೆ ಐತಿ, ಓದವ್ವ.”

“ಬಸವನ ಬಾಗೇವಾಡಿ ರೋಡ್‌ನಿಂದ ವಿಜಯಪುರ.”

“ಈಗ ನಾವು ಹೊಂಟಿದ್ದು?”

ನಾಲಿಗೆ ಕಚ್ಚಿಕೊಂಡಳು.

ಮಕ್ಕಳೇ, ರೈಲಿನ ಸೀಸನ್ ಟಿಕೆಟ್ಟಿಗೇ ನಾವು ಪಾಸು ಎನ್ನುವುದು. ಒಂದು ತಿಂಗಳಿಗೂ ಸಿಗುತ್ತದೆ, ಮೂರು ತಿಂಗಳಿಗೂ ಸಿಗುತ್ತದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. 150 ಕಿಲೋಮೀಟರಿನೊಳಗಿನ ಎರಡು ನಿಲ್ದಾಣಗಳ ನಡುವೆ ಎಷ್ಟು ಸಲವಾದರೂ ಓಡಾಡಬಹುದು. ಆದರೆ ಕಾಯ್ದಿರಿಸಿದ ಬೋಗಿ ಹತ್ತುವಂತಿಲ್ಲ. ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚಿನ ಹಣ ಕಟ್ಟಬೇಕು.

ಎರಡು ಊರುಗಳ ನಡುವೆ ಎರಡು ಹಳಿ ದಾರಿಗಳಿದ್ದರೆ? ಬೆಂಗಳೂರಿನ ಯಶವಂತಪುರದಿಂದ ಬೈಯಪ್ಪನಹಳ್ಳಿಗೆ ದಂಡು ನಿಲ್ದಾಣದ ಮೇಲೆ ಹಾಸಿ ಹೋಗಬಹುದು, ಹೆಬ್ಬಾಳ, ಬಾಣಸವಾಡಿ ಮೇಲೆಯೂ ಹೋಗಬಹುದು. ಪಾಸಿನಲ್ಲಿ ಯಾವ ದಾರಿ ಬರೆದಿದೆಯೋ ಅದೇ ನಿಮ್ಮ ದಾರಿ. ನಮ್ಮ ಕಡೆ ಹೋಟಗಿಯಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಸೊಲ್ಲಾಪುರಕ್ಕೆ, ಇನ್ನೊಂದು ಕಲಬುರಗಿಗೆ. ಸೊಲ್ಲಾಪುರದ ಪಾಸು ಹಿಡಿದು ಕಲಬುರಗಿಯ ಗಾಡಿ ಹತ್ತಿದರೆ ನಡೆಯದು.

“ಇಷ್ಟೆಲ್ಲಾ ನಿಮಗ ಹೆಂಗ ಗೊತ್ತು?” ಎಂದಳು.

ಗೊತ್ತಾದದ್ದು ಪೆಟ್ಟು ತಿಂದ ಮೇಲೆ. 1979ರಲ್ಲಿ ನಾನು ಆಲಮಟ್ಟಿಯ ಬ್ಯಾಂಕಿನಲ್ಲಿ ಗುಮಾಸ್ತ. ಆಗಿನದು ಮೀಟರ್ ಗೇಜ್ ಗಾಡಿ. ವಿಜಯಪುರದಿಂದ ಆಲಮಟ್ಟಿಗೆ ಪಾಸು ಮಾಡಿಸಿದ್ದೆ. ಬಾಗಲಕೋಟೆಯಲ್ಲಿ ತಂಗಿಗೆ ಗಂಡು ಕೂಸು ಹುಟ್ಟಿತ್ತು. ಕೂಸಿಗೆ ಬೆಳ್ಳಿ ಕಡಗ ಕೊಳ್ಳಲೆಂದು ಹಣ ಕೂಡಿಸಿಟ್ಟುಕೊಂಡು, ಒಂದು ಸಂಜೆ ಕೆಲಸ ಮುಗಿಸಿ ಗಾಡಿ ಹತ್ತಿದೆ. ಹೊಳಿ ಒಂದು ದಾಟಿದರಾಯಿತು, ಕಿಸೆಯಲ್ಲಿ ಪಾಸಿದೆ, ಯಾರು ಕೇಳುತ್ತಾರೆ ಎಂಬ ಧೈರ್ಯ. ಕೃಷ್ಣೆಯ ಸೇತುವೆ ದಾಟಿ ಸೀತಿಮನಿ ಬರುತ್ತಲೇ ಟಿ.ಸಿ. ಬಂದರು. ಪಾಸು ತಿರುಗಿಸಿ ನೋಡಿ, “ನಿಮ್ಮ ಪಾಸು ಆಲಮಟ್ಟ್ಯಾಗ ಇಳೀತು. ನೀವ್ಯಾಕ ಇಳೀಲಿಲ್ಲರಿ?” ಎಂದರು. ಬೋಗಿಯೆಲ್ಲ ನಕ್ಕಿತು.

ದರ, ದಂಡ ಕಟ್ಟಿದ ಮೇಲೆ ಕಡಗದ ಹಣ ಉಳಿಯಲಿಲ್ಲ. ಬರಿಗೈಯಲ್ಲಿ ಹೋಗಿ ಕೂಸನ್ನು ಎತ್ತಿಕೊಂಡೆ. “ಅಂಗಡಿ ಮುಚ್ಚಿತ್ತವ್ವ” ಎಂದು ತಂಗಿಗೆ ಸುಳ್ಳು ಹೇಳಿದೆ. ದಿನವಿಡೀ ಪೈಸೆ ಪೈಸೆಗೆ ಲೆಕ್ಕ ಹೊಂದಿಸುವವನು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಪಗಾರದಲ್ಲಿ ಕಡಗ ಒಯ್ದು ಕೊಟ್ಟೆ, ನಿಜವನ್ನೂ ಹೇಳಿದೆ. ಆಕೆ ನಕ್ಕು, “ಇವತ್ತಾದ್ರೂ ಟಿಕೆಟ್ ತಗೊಂಡು ಬಂದೀಯಿಲ್ಲೋ ಅಣ್ಣಾ?” ಎಂದಳು.

ಅಷ್ಟರಲ್ಲಿ ಆಲಮಟ್ಟಿ ಬಂತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು. ಹಿನ್ನೀರಿಗೆ ಅವರದೇ ಹೆಸರು. ಕಣ್ಣು ಹಾಯುವವರೆಗೂ ನೀರು. ಉದ್ಯಾನದಲ್ಲಿ ಕುಳಿತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಸಂಜೆ ನಿಲ್ದಾಣಕ್ಕೆ ಬಂದಾಗ ಮೊಮ್ಮಗಳು ನನಗಿಂತ ಮುಂದೆ ಓಡಿದಳು. ಕೌಂಟರಿನಲ್ಲಿ ಕೈಯಿಟ್ಟು ಹೇಳಿದಳು: “ಬಸವನ ಬಾಗೇವಾಡಿ ರೋಡಿಗೆ ಎರಡು ಟಿಕೆಟ್ ಕೊಡ್ರಿ.”